ಸಿಡಿಲು ಮನೆಯೊಳಗೆ ಬರುವ ದಾರಿಗಳು

ಸಿಡಿಲು ಎಂದೊಡನೆ ಕಣ್ಣಮುಂದೆ ಬರುವುದು ಮಾಡಿನ ಮೇಲೆ ನೇರವಾಗಿ ಎರಗುವ ಬೆಂಕಿಯ ಗೆರೆ. ಆದರೆ ಮನೆಗಳಲ್ಲಿ ಟಿ.ವಿ., ಫ್ರಿಜ್, ಮೋಡೆಮ್, ಬೋರ್‌ವೆಲ್ ಮೋಟರುಗಳನ್ನು ಸುಟ್ಟುಹಾಕುವ ಸಿಡಿಲು ಸಾಮಾನ್ಯವಾಗಿ ಆ ಮನೆಯನ್ನು ಮುಟ್ಟಿಯೇ ಇರುವುದಿಲ್ಲ. ಅರ್ಧ ಕಿಲೋಮೀಟರ್ ಆಚೆಯ ವಿದ್ಯುತ್ ಕಂಬಕ್ಕೋ ಪಕ್ಕದ ತೋಟದ ತೆಂಗಿನ ಮರಕ್ಕೋ ಬಡಿದು, ತಂತಿ ಹಿಡಿದು ಅಥವಾ ನೆಲ ಹಿಡಿದು ಒಳಗೆ ಬಂದಿರುತ್ತದೆ. ಮನೆಯ ರಕ್ಷಣೆಗೆ ಎಲ್ಲಿ ಮೊದಲು ಹಣ ಹಾಕಬೇಕು, ಯಾವುದನ್ನು ಆಮೇಲೆ ನೋಡಿದರೆ ಸಾಕು ಎಂಬುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಕರ್ನಾಟಕದಲ್ಲಿ ಸಿಡಿಲಿನ ಕಾಲ ಎರಡು. ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಹೊತ್ತು ಒಂದು. ಅಕ್ಟೋಬರಿನ ಆಸುಪಾಸು, ಚಿತ್ತಾ ಮತ್ತು ಸ್ವಾತಿ ಮಳೆಗಳ ಹೊತ್ತು ಇನ್ನೊಂದು. ಬೆಳಗ್ಗಿನಿಂದ ಕಾದ ನೆಲದ ಬಿಸಿಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ಎತ್ತರದ ರಾಶಿಮೋಡ ಕಟ್ಟುತ್ತದೆ. ಹಾಗಾಗಿ ಗುಡುಗು ಮಿಂಚಿನ ಅಬ್ಬರ ಹೆಚ್ಚಾಗಿ ಸಂಜೆಯ ಕಡೆಗೆ. ಜುಲೈ–ಆಗಸ್ಟಿನಲ್ಲಿ ಕರಾವಳಿ, ಮಲೆನಾಡುಗಳಲ್ಲಿ ವಾರಗಟ್ಟಲೆ ಹಿಡಿದು ಸುರಿಯುವ ಮಳೆಯಲ್ಲಿ ಸಿಡಿಲು ಕಡಿಮೆ, ಏಕೆಂದರೆ ಆಗಿನ ಮೋಡಗಳು ಅಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಸುಟ್ಟ ಸಾಮಾನುಗಳ ಲೆಕ್ಕವನ್ನು ಯಾರೂ ಹೀಗೆ ಇಟ್ಟಿಲ್ಲ.

ಮೋಡದೊಳಗೆ ಮೇಲಕ್ಕೆ ಹಾರುವ ಹಿಮದ ಹರಳುಗಳೂ ಕೆಳಗಿಳಿಯುವ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ತಾಗುತ್ತ ವಿದ್ಯುದಾವೇಶ ಬೇರ್ಪಡುತ್ತದೆ. ಸಾಮಾನ್ಯವಾಗಿ ಮೋಡದ ಕೆಳಭಾಗದಲ್ಲಿ ಋಣ ಆವೇಶ ಕೂಡಿಕೊಳ್ಳುತ್ತದೆ. ಅದು ಮಿತಿ ಮೀರಿದಾಗ, ಕಣ್ಣಿಗೆ ಕಾಣದಷ್ಟು ಮಸುಕಾದ ಒಂದು ಎಳೆ ಸುಮಾರು 50 ಮೀಟರಿನ ನೆಗೆತಗಳಲ್ಲಿ ಕೆಳಗಿಳಿಯುತ್ತದೆ. ಅದು ನೆಲವನ್ನು ಸಮೀಪಿಸಿದಾಗ ಮರ, ಕಂಬ, ಗೋಪುರ, ಮಾಡಿನ ಮೂಲೆ, ಕೆಲವೊಮ್ಮೆ ನಿಂತ ಮನುಷ್ಯನ ತಲೆಯಿಂದಲೂ ಮೇಲ್ಮುಖ ಎಳೆಗಳು ಹೊರಡುತ್ತವೆ. ಯಾವುದು ಮೊದಲು ಸೇರಿತೋ ಅದರ ಮೂಲಕ ವಿದ್ಯುತ್ತು ಹರಿಯುತ್ತದೆ. ಅಂದರೆ ಕೊನೆಯ ಹತ್ತಾರು ಮೀಟರುಗಳಿಗೆ ಬರುವವರೆಗೂ ಸಿಡಿಲಿಗೆ ತಾನು ಎಲ್ಲಿ ಬೀಳುವುದೆಂಬುದು ತೀರ್ಮಾನವಾಗಿರುವುದಿಲ್ಲ. ಊರಿಗೇ ಎತ್ತರದ ಮೊಬೈಲ್ ಟವರ್ ಇದ್ದರೂ ಇನ್ನೂರು ಮೀಟರ್ ದೂರದ ತಗ್ಗು ಮನೆಗೆ ಸಿಡಿಲು ಬಡಿಯುವುದು ಈ ಕಾರಣಕ್ಕೇ.

ಹಾಗೆ ಹರಿಯುವ ವಿದ್ಯುತ್ತು ಸಾಧಾರಣ ಸಿಡಿಲಿನಲ್ಲಿ 30,000 ಆಂಪಿಯರ್, ಅಪರೂಪದ ಬಲವಾದ ಸಿಡಿಲಿನಲ್ಲಿ 2,00,000 ಆಂಪಿಯರ್‌ವರೆಗೂ ಹೋಗಬಹುದು. ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಅದು ಥಟ್ಟನೆ ಹಿಗ್ಗಿದ ಸದ್ದೇ ಗುಡುಗು. ಇಷ್ಟಾದರೂ ಒಂದೊಂದು ಹೊಡೆತದ ಅವಧಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಒಂದೇ ದಾರಿಯಲ್ಲಿ ಮೂರು ನಾಲ್ಕು ಹೊಡೆತಗಳು ಬೆನ್ನುಬೆನ್ನಿಗೆ ಬರುವುದರಿಂದ ಮಿಂಚು ಕಣ್ಣಿಗೆ ಅದುರಿದಂತೆ ಕಾಣುತ್ತದೆ. ಒದ್ದೆ ಗೋಡೆಯೊಳಗಿನ ಅಥವಾ ಮರದೊಳಗಿನ ನೀರು ಈ ಕಾವಿಗೆ ಒಮ್ಮೆಲೇ ಆವಿಯಾಗುತ್ತದೆ. ಗೋಡೆ ಬಿರಿಯುವುದು, ಹೆಂಚು ಹಾರುವುದು, ಮರ ಸೀಳುವುದು ಎಲ್ಲ ಆ ಆವಿಯ ಒತ್ತಡದ ಕೆಲಸ.

ಒಂದು ಮನೆಗೆ ನೇರವಾಗಿ ಸಿಡಿಲು ಬೀಳುವ ಸಂಭವ ಎಷ್ಟು? ಸಿಡಿಲು ರಕ್ಷಣೆಯ ಐಎಸ್/ಐಇಸಿ 62305 ಮಾನಕದಲ್ಲಿ ಇದಕ್ಕೆ ಲೆಕ್ಕದ ಕ್ರಮವೇ ಇದೆ. ಕಟ್ಟಡದ ಎತ್ತರದ ಮೂರು ಪಟ್ಟು ದೂರವನ್ನು ಸುತ್ತಲೂ ಸೇರಿಸಿ ಬರುವ ಜಾಗವನ್ನು ಆ ಕಟ್ಟಡ ಸಿಡಿಲನ್ನು ಸೆಳೆಯುವ ಪ್ರದೇಶವೆಂದು ಹಿಡಿಯುತ್ತಾರೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಏಳು ಮೀಟರ್ ಎತ್ತರದ ಒಂಟಿ ಮನೆಗೆ ಅದು ಸುಮಾರು 2,300 ಚದರ ಮೀಟರ್. ವರ್ಷಕ್ಕೆ ಒಂದು ಚದರ ಕಿಲೋಮೀಟರಿಗೆ ನಾಲ್ಕು ಸಿಡಿಲು ಬೀಳುವ ಊರೆಂದು ಇಟ್ಟುಕೊಂಡರೆ ಆ ಮನೆಯ ಸರದಿ ಸರಾಸರಿ ನೂರು ವರ್ಷಕ್ಕೊಮ್ಮೆ. ಈಗ ಅದೇ ಮನೆಗೆ ಬರುವ ಒಂದು ಕಿಲೋಮೀಟರ್ ಉದ್ದದ ವಿದ್ಯುತ್ ಲೈನನ್ನು ನೋಡಬೇಕು. ತಂತಿಯ ಎರಡೂ ಬದಿಗೆ 20 ಮೀಟರಿನ ಪಟ್ಟಿ, ಅಂದರೆ 40,000 ಚದರ ಮೀಟರ್. ಬಯಲಲ್ಲಿ ಹಾದುಬರುವ ಲೈನಾದರೆ ಅದಕ್ಕೆ ಸಿಡಿಲು ಬೀಳುವುದು ಆರು ವರ್ಷಕ್ಕೊಮ್ಮೆ. ತಂತಿಗೆ ತಾಗದೆ ಹತ್ತಿರದಲ್ಲೆಲ್ಲೋ ಬಿದ್ದರೂ ಅದರಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅಂಥವು ವರ್ಷಕ್ಕೆ ಹಲವು. ತೋಟದ ನಡುವಿನ ಮನೆಗಳಲ್ಲಿ, ಲೈನಿನ ಕೊನೆಯ ಕಂಬದ ಮನೆಗಳಲ್ಲಿ ಪ್ರತಿ ಬೇಸಿಗೆಯೂ ಏನಾದರೊಂದು ಸುಡುವುದು ದುರದೃಷ್ಟವಲ್ಲ, ಲೆಕ್ಕ.

ಆದ್ದರಿಂದ ರಕ್ಷಣೆ ಶುರುವಾಗಬೇಕಾದದ್ದು ಮಾಡಿನಿಂದಲ್ಲ, ನೆಲದಿಂದ. ಅರ್ಥಿಂಗ್ ಸರಿಯಿಲ್ಲದ ಮನೆಗೆ ಎಷ್ಟು ದುಬಾರಿ ಸಾಧನ ಹಾಕಿದರೂ ಅದು ಸಿಡಿಲಿನ ವಿದ್ಯುತ್ತನ್ನು ತಿರುಗಿಸಿ ಕಳಿಸಲು ಜಾಗವೇ ಇರುವುದಿಲ್ಲ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ನೆಲ, ಬಯಲುಸೀಮೆಯ ಕಲ್ಲುಬಂಡೆಯ ನೆಲ ಎರಡೂ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರಲ್ಲೂ ಸಿಡಿಲು ಹೆಚ್ಚಿರುವ ಏಪ್ರಿಲಿನಲ್ಲೇ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಗುಂಡಿಯಲ್ಲಿ ನಿಲ್ಲಿಸಿ ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೆಯ ಪದ್ಧತಿ. ಮೊದಲ ವರ್ಷಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಉಪ್ಪು ಮಳೆಗೆ ಕರಗಿಹೋಗುತ್ತದೆ, ಹೋಗುವ ಮುನ್ನ ಪೈಪನ್ನೂ ತುಕ್ಕು ಹಿಡಿಸುತ್ತದೆ. ನೀರು ಹಿಡಿದಿಟ್ಟುಕೊಳ್ಳುವ ಬೆಂಟೊನೈಟ್ ಜೇಡಿಯನ್ನು ತುಂಬುವುದು ಇದಕ್ಕಿಂತ ಬಾಳಿಕೆಯ ಉಪಾಯ. ಒಂದೇ ಗುಂಡಿಯಿಂದ ಸಾಲದಿದ್ದರೆ ಎರಡು ಮೂರು ಪೈಪುಗಳನ್ನು ದೂರ ದೂರ ಹೂತು ಪಟ್ಟಿಯಿಂದ ಜೋಡಿಸಬಹುದು. ಎಲ್ಲಕ್ಕಿಂತ ಒಳ್ಳೆಯದು ಮನೆ ಕಟ್ಟುವಾಗಲೇ ತಳಪಾಯದ ಸುತ್ತ ಕಬ್ಬಿಣದ ಪಟ್ಟಿಯನ್ನು ಕಾಂಕ್ರೀಟಿನೊಳಗೆ ಹುದುಗಿಸುವುದು. ಕಾಂಕ್ರೀಟು ನೆಲದ ತೇವ ಹೀರಿಕೊಂಡಿರುವುದರಿಂದ ಬೇಸಿಗೆಯಲ್ಲೂ ಕೈಕೊಡುವುದಿಲ್ಲ. ಆ ಹಂತದಲ್ಲಿ ಖರ್ಚೂ ತೀರಾ ಕಡಿಮೆ. ಸಿಡಿಲು ರಕ್ಷಣೆಯ ಅರ್ಥಿಂಗ್‌ನ ರೋಧ 10 ಓಮ್‌ಗಿಂತ ಕಡಿಮೆ ಇರಬೇಕೆಂಬುದು ಮಾನಕದ ಸಲಹೆ. ಅಳೆಯಲು ಅರ್ಥ್ ಟೆಸ್ಟರ್ ಬೇಕು. ಬಲ್ಬು ಹೊತ್ತಿಸಿ ನೋಡಿ ‘ಅರ್ಥಿಂಗ್ ಚೆನ್ನಾಗಿದೆ’ ಎನ್ನುವುದು ಅಳತೆಯಲ್ಲ.

ಆದರೆ ಅರ್ಥಿಂಗ್ ಎಷ್ಟು ಚೆನ್ನಾಗಿದ್ದರೂ ಅದೊಂದೇ ಸಾಲದು. 5 ಓಮ್‌ನ ಉತ್ತಮ ಅರ್ಥಿಂಗ್‌ಗೆ 30,000 ಆಂಪಿಯರ್ ಇಳಿದರೆ ಆ ಗಳಿಗೆಯಲ್ಲಿ ಅರ್ಥ್ ಪಟ್ಟಿಯ ವೋಲ್ಟೇಜು 1,50,000ಕ್ಕೆ ಏರುತ್ತದೆ. ಮನೆಯ ವಿದ್ಯುತ್ತಿಗೆ ಒಂದು ಅರ್ಥಿಂಗ್, ಮಾಡಿನ ಮೇಲಿನ ಮಿಂಚುಬಂಧಕಕ್ಕೆ ಮತ್ತೊಂದು, ಇಂಟರ್ನೆಟ್ಟಿಗೆ ಮಗದೊಂದು ಎಂದು ಬೇರೆಬೇರೆ ಇದ್ದರೆ ಇಷ್ಟೂ ವೋಲ್ಟೇಜು ಅವುಗಳ ನಡುವೆ ನಿಂತು, ಎರಡಕ್ಕೂ ಜೋಡಿಸಿರುವ ಯಂತ್ರದ ಹೊಟ್ಟೆಯೊಳಗೆ ಹಾಯುತ್ತದೆ. ಸಿಡಿಲಿನ ಅರ್ಥಿಂಗನ್ನು ಮನೆಯ ಅರ್ಥಿಂಗಿಗೆ ತಾಗಿಸಲೇಬಾರದು ಎಂದು ಹೇಳುವ ಎಲೆಕ್ಟ್ರೀಷಿಯನ್‌ಗಳು ಈಗಲೂ ಇದ್ದಾರೆ. ಮಾನಕ ಹೇಳುವುದು ಇದಕ್ಕೆ ತದ್ವಿರುದ್ಧ: ಎಲ್ಲ ಅರ್ಥ್‌ಗಳನ್ನೂ, ಕಬ್ಬಿಣದ ನೀರಿನ ಪೈಪನ್ನೂ, ಮೇಲಿನ ಸೋಲಾರ್ ಚೌಕಟ್ಟನ್ನೂ ಒಂದೇ ತಾಮ್ರದ ಪಟ್ಟಿಗೆ ಸೇರಿಸಬೇಕು. ನೆರೆಯ ನೀರು ಏರಿದಾಗ ದೋಣಿಯೂ ಅದರೊಳಗಿನವರೂ ಜೊತೆಗೇ ಏರುವ ಹಾಗೆ, ಆಗ ಮನೆಯೊಳಗಿನ ಎಲ್ಲ ಲೋಹಗಳ ವೋಲ್ಟೇಜು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ. ಸುಡುವುದು ವೋಲ್ಟೇಜಲ್ಲ, ಎರಡು ಜಾಗಗಳ ನಡುವಿನ ವೋಲ್ಟೇಜಿನ ಅಂತರ.

ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಮಾತ್ರ ಹೀಗೆ ನೇರವಾಗಿ ಅರ್ಥಿಗೆ ಕಟ್ಟಲಾಗುವುದಿಲ್ಲ. ಅವಕ್ಕಾಗಿ ಇರುವುದು ಸರ್ಜ್ ಪ್ರೊಟೆಕ್ಟರ್, ಅಂಗಡಿಗಳ ಭಾಷೆಯಲ್ಲಿ ಎಸ್‌ಪಿಡಿ. ಇದರೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆ 230 ವೋಲ್ಟಿನಲ್ಲಿ ಸುಮ್ಮನಿರುತ್ತದೆ. ವೋಲ್ಟೇಜು ಹಠಾತ್ತನೆ ಏರಿದ ಕ್ಷಣವೇ ದಾರಿ ತೆರೆದು ವಿದ್ಯುತ್ತನ್ನು ಅರ್ಥಿನ ಕಡೆಗೆ ಬಿಟ್ಟು, ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಟೈಪ್ 1, ಟೈಪ್ 2, ಟೈಪ್ 3 ಎಂದು ಇದರಲ್ಲಿ ಮೂರು ಬಗೆ. ಮಿಂಚುಬಂಧಕ ಇರುವ ಮನೆಗೆ, ಹಾಗೆಯೇ ಬಯಲಲ್ಲಿ ಹಾದುಬರುವ ಲೈನಿನ ಮನೆಗೆ ಟೈಪ್ 1 ಅಥವಾ 1 ಮತ್ತು 2 ಒಂದಾಗಿರುವ ಸಾಧನ ಬೇಕು. ಪೇಟೆಯ ಸಾಲುಮನೆಗೆ ಟೈಪ್ 2 ಸಾಕಾಗುತ್ತದೆ. ಟೈಪ್ 3 ಎಂದರೆ ಟಿ.ವಿ., ಕಂಪ್ಯೂಟರ್ ಪಕ್ಕದಲ್ಲಿ ಹಾಕುವ ಚಿಕ್ಕದು. ಮೊದಲಿನವು ಇಲ್ಲದೆ ಅದೊಂದನ್ನೇ ನಂಬಿದರೆ ಮೊದಲ ಹೊಡೆತಕ್ಕೇ ಅದೂ ಹೋಗುತ್ತದೆ, ಟಿ.ವಿ.ಯೂ ಹೋಗುತ್ತದೆ. ನಮ್ಮಲ್ಲಿ ಮನೆಮನೆಗೂ ಸ್ವಂತ ಅರ್ಥ್ ಗುಂಡಿ ಇರುವುದರಿಂದ ಫೇಸ್–ನ್ಯೂಟ್ರಲ್ ನಡುವೆ ಒಂದು, ನ್ಯೂಟ್ರಲ್–ಅರ್ಥ್ ನಡುವೆ ಇನ್ನೊಂದು ಇರುವ ಜೋಡಿ ಸಾಧನ ಹೊಂದುತ್ತದೆ. ಫೇಸಿಗೆ ಮಾತ್ರ ಹಾಕಿ ನ್ಯೂಟ್ರಲನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಸಿಡಿಲಿಗೆ ಎರಡೂ ಒಂದೇ.

ಇದನ್ನು ಕೂರಿಸುವ ರೀತಿ ಸಾಧನದಷ್ಟೇ ಮುಖ್ಯ. ಸಿಡಿಲಿನ ವಿದ್ಯುತ್ತು ಏರುವ ವೇಗ ಎಷ್ಟೆಂದರೆ, ಒಂದು ಮೀಟರ್ ನೇರ ತಂತಿಯೇ ಅದಕ್ಕೆ ಅಡ್ಡಿಯಾಗುತ್ತದೆ. ಮೈಕ್ರೊಸೆಕೆಂಡಿಗೆ 1,000 ಆಂಪಿಯರ್ ಏರುವ ಸಣ್ಣ ಸರ್ಜ್ ಕೂಡ ಅಷ್ಟುದ್ದದ ತಂತಿಯಲ್ಲಿ ಸುಮಾರು 1,000 ವೋಲ್ಟ್ ನಿಲ್ಲಿಸುತ್ತದೆ. ಸಾಧನ ತಡೆದು ಉಳಿಸಿದ ವೋಲ್ಟೇಜಿಗೆ ಇದೂ ಸೇರಿ ಮನೆಯೊಳಗೆ ಹೋಗುತ್ತದೆ. ಆದ್ದರಿಂದ ಸಾಧನವನ್ನು ಮೈನ್ ಸ್ವಿಚ್ಚಿನ ಪಕ್ಕದಲ್ಲೇ ಕೂರಿಸಬೇಕು, ಮೇಲಿನ ಮತ್ತು ಕೆಳಗಿನ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ದಾಟಬಾರದು. ಅಂದವಾಗಿರಲೆಂದು ತಂತಿಯನ್ನು ಸುರುಳಿ ಸುತ್ತಿ ಕಟ್ಟಿದರೆ ಕೊಟ್ಟ ಹಣ ನೀರಿಗೆ ಹೋದಂತೆ. ಸಾಧನದ ಮುಖದ ಪುಟ್ಟ ಕಿಟಕಿ ಹಸಿರಿದ್ದರೆ ಅದಕ್ಕೆ ಜೀವ ಇದೆ, ಕೆಂಪಾದರೆ ಬದಲಿಸಬೇಕು. ಕೆಲವು ಸಾವಿರ ರೂಪಾಯಿಯ ಈ ವಸ್ತು ಹಲವು ಹೊಡೆತ ತಿಂದು ಸಾಯುವುದಕ್ಕೆಂದೇ ಇರುವುದು.

ಎಂಸಿಬಿ ಇದೆ, ಆರ್‌ಸಿಸಿಬಿ ಇದೆ, ಸ್ಟೆಬಿಲೈಸರ್ ಇದೆ ಎಂಬ ಧೈರ್ಯ ಹಲವರಿಗೆ. ಎಂಸಿಬಿ ಬೀಳಲು ಸೆಕೆಂಡಿನ ಸಾವಿರದ ಕೆಲವು ಭಾಗ ಬೇಕು. ಅಷ್ಟರಲ್ಲಿ ಸಿಡಿಲು ಬಂದು ಹೋಗಿ ಆಗಿರುತ್ತದೆ. ಆರ್‌ಸಿಸಿಬಿ ಮನುಷ್ಯರನ್ನು ಶಾಕ್‌ನಿಂದ ಉಳಿಸುವ ಸಾಧನ, ಸಾಮಾನನ್ನಲ್ಲ. ಸ್ಟೆಬಿಲೈಸರ್ ನೋಡಿಕೊಳ್ಳುವುದು 180ಕ್ಕೆ ಇಳಿಯುವ, 260ಕ್ಕೆ ಏರುವ ನಿಧಾನದ ಏರಿಳಿತವನ್ನು. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಮೇಲಿನ ಅರೆಸ್ಟರ್ ಕಾಯುವುದು ಟಿಸಿಯನ್ನು, ಮನೆಯನ್ನಲ್ಲ.

ಬರೀ ಕರೆಂಟಿನ ತಂತಿಯನ್ನು ಕಾದರೂ ಆಗದು. ಡಿಶ್ ಆಂಟೆನಾದ ಕೇಬಲ್, ಹಳೆಯ ತಾಮ್ರದ ಫೋನ್ ಲೈನ್, ಗೇಟಿನವರೆಗೆ ಎಳೆದ ಕ್ಯಾಮೆರಾದ ತಂತಿ, ಬೋರ್‌ವೆಲ್ಲಿಗೆ ಹೋಗುವ ಕೇಬಲ್ ಪ್ರತಿಯೊಂದೂ ಒಂದು ಬಾಗಿಲು. ಟಿ.ವಿ.ಗೆ ಕರೆಂಟು ಒಂದು ಕಡೆಯಿಂದ, ಡಿಶ್ ಕೇಬಲ್ ಇನ್ನೊಂದು ಕಡೆಯಿಂದ ಬರುತ್ತದೆ, ಮೋಡೆಮ್ಮಿಗೂ ಹಾಗೆಯೇ. ಎರಡು ತಂತಿಗಳ ನಡುವೆ ಸಿಕ್ಕಿಕೊಂಡ ಇಂಥ ಯಂತ್ರಗಳೇ ಮೊದಲು ಸುಡುತ್ತವೆ. ಇಂಟರ್ನೆಟ್ಟಿಗೆ ತಾಮ್ರ ಬಿಟ್ಟು ಫೈಬರ್ ಹಾಕಿಸಿದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ, ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದು. ಬೋರ್‌ವೆಲ್ ಮೋಟರಿನದ್ದು ಹೆಚ್ಚು ಕಷ್ಟ. ಅದು ಕುಳಿತಿರುವುದೇ ನೂರಾರು ಅಡಿ ಆಳದ ನೀರಿನಲ್ಲಿ, ಅಂದರೆ ಊರಿನಲ್ಲೇ ಅತ್ಯುತ್ತಮ ಅರ್ಥಿಂಗ್ ಇರುವ ಜಾಗದಲ್ಲಿ. ಲೈನಿನಲ್ಲಿ ಬಂದ ಸಿಡಿಲು ನೆಲ ಸೇರಲು ಮೋಟರಿನ ಸುರುಳಿಯನ್ನೇ ದಾರಿ ಮಾಡಿಕೊಳ್ಳುತ್ತದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಅರ್ಥನ್ನು ಬೋರಿನ ಕಬ್ಬಿಣದ ಕೇಸಿಂಗ್ ಪೈಪಿಗೂ ಜೋಡಿಸಿದರೆ ವಿದ್ಯುತ್ತಿಗೆ ಮೋಟರಿಗಿಂತ ಸುಲಭದ ದಾರಿ ಸಿಗುತ್ತದೆ. ಮಾಡಿನ ಸೋಲಾರ್ ಫಲಕಗಳಿಗೆ ಡಿಸಿ ಕಡೆಗೊಂದು, ಎಸಿ ಕಡೆಗೊಂದು ಪ್ರತ್ಯೇಕ ಸರ್ಜ್ ಪ್ರೊಟೆಕ್ಟರ್ ಬೇಕು. ಸಾಮಾನ್ಯ ಎಸಿ ಸಾಧನವನ್ನೇ ಡಿಸಿಗೆ ಹಾಕುವುದು ಬೆಂಕಿಗೆ ಆಹ್ವಾನ.

ಇದಾವುದನ್ನೂ ಮಾಡಿಸಲಾಗದವರಿಗೂ ಒಂದು ಉಪಾಯ ಉಂಟು, ಅದಕ್ಕೆ ಕಾಸಿನ ಖರ್ಚಿಲ್ಲ: ಪ್ಲಗ್ ಕಿತ್ತಿಡುವುದು. ಸ್ವಿಚ್ ಆರಿಸುವುದು ಇದಕ್ಕೆ ಸಮವಲ್ಲ. ಸ್ವಿಚ್ಚಿನೊಳಗಿನ ಬಿಡುವು ಕೆಲವೇ ಮಿಲಿಮೀಟರ್. ಒಂದು ಮಿಲಿಮೀಟರ್ ಗಾಳಿಯನ್ನು ಹಾರಿ ದಾಟಲು ಸುಮಾರು 3,000 ವೋಲ್ಟ್ ಸಾಕು. ಮುಗಿಲಿನಿಂದ ಕಿಲೋಮೀಟರುಗಟ್ಟಲೆ ಗಾಳಿ ಸೀಳಿ ಬಂದದ್ದಕ್ಕೆ ಅದೊಂದು ತಡೆಯೇ ಅಲ್ಲ. ಜೊತೆಗೆ ಸ್ವಿಚ್ಚು ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಉಳಿಯುತ್ತದೆ. ಪ್ಲಗ್ಗಿನ ಜೊತೆಗೆ ಡಿಶ್ ಕೇಬಲ್ಲನ್ನೂ ಬಿಚ್ಚಿ ದೂರ ಇಟ್ಟರೆ ಮಾತ್ರ ಟಿ.ವಿ. ಬೇರ್ಪಟ್ಟಂತೆ. ಕಿತ್ತಿಡುವ ಕೆಲಸ ಗುಡುಗು ದೂರ ಇರುವಾಗಲೇ ಆಗಬೇಕು. ಸಿಡಿಲು ನೆತ್ತಿಯ ಮೇಲೆ ಆರ್ಭಟಿಸುವಾಗ ಪ್ಲಗ್ಗಿಗೆ ಕೈಹಾಕಿದರೆ ಸಾಮಾನು ಉಳಿಸಲು ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಂಡಂತೆ.

ಇನ್ನು ಮಾಡಿನ ಮೇಲಿನ ಮಿಂಚುಬಂಧಕ. 1752ರಲ್ಲಿ ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದ ರೀತಿಯಲ್ಲೇ ಎತ್ತರದ ಕಬ್ಬಿಣದ ಸಲಾಕೆ ನಿಲ್ಲಿಸಿ ಮೋಡದಿಂದ ಕಿಡಿ ಇಳಿಸಿ ತೋರಿಸಲಾಯಿತು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂಥದೇ ಪ್ರಯೋಗ ಮಾಡಹೋದ ಗೇಯೋರ್ಗ್ ರಿಕ್ಮನ್ ಎಂಬ ವಿಜ್ಞಾನಿ ಸಿಡಿಲಿಗೆ ಬಲಿಯಾದ. ಅವನ ಸಲಾಕೆಗೆ ನೆಲದ ಸಂಪರ್ಕ ಇರಲಿಲ್ಲ. ಸಲಾಕೆಯ ತುದಿ ಚೂಪಾಗಿರಬೇಕೋ ಮೊಂಡಾಗಿರಬೇಕೋ ಎಂಬ ಜಗಳ ಆ ಕಾಲದಲ್ಲಿ ಇಂಗ್ಲೆಂಡಿನ ಅರಸ ಮೂರನೆಯ ಜಾರ್ಜನವರೆಗೂ ಹೋಗಿತ್ತು. ಫ್ರಾಂಕ್ಲಿನ್ ಚೂಪು ಎಂದ, ಬಂಡೆದ್ದ ಅಮೆರಿಕನ್ನನ ಮೇಲಿನ ಸಿಟ್ಟಿಗೋ ಏನೋ ಅರಸ ಮೊಂಡು ಎಂದ. ಎರಡು ಶತಮಾನಗಳ ಬಳಿಕ ನ್ಯೂ ಮೆಕ್ಸಿಕೋದ ಬೆಟ್ಟದ ಮೇಲೆ ನಡೆದ ಪರೀಕ್ಷೆಗಳಲ್ಲಿ ಸಿಡಿಲು ಬಿದ್ದದ್ದು ತುಸು ಮೊಂಡಾದ ಸಲಾಕೆಗಳಿಗೇ.

ಮಿಂಚುಬಂಧಕ ಸಿಡಿಲನ್ನು ತಡೆಯುವುದಿಲ್ಲ, ಓಡಿಸುವುದೂ ಇಲ್ಲ. ಹೇಗೂ ಬೀಳಲಿದ್ದ ಸಿಡಿಲನ್ನು ತಾನೇ ಹಿಡಿದು ಗೋಡೆಗೆ ತಾಗದಂತೆ ನೆಲಕ್ಕೆ ಇಳಿಸುತ್ತದೆ. ಗುಡ್ಡದ ನೆತ್ತಿಯ ಮನೆ, ಬಯಲಿನ ಒಂಟಿ ಮನೆ, ಮರದ ತೊಲೆ ಜಂತಿಗಳ ಹಳೆಯ ಹೆಂಚಿನ ಮನೆ, ಹುಲ್ಲು ಹೊದಿಸಿದ ಮಾಡು ಇವಕ್ಕೆ ಅದು ಬೇಕು. ಸುತ್ತಲೂ ತನಗಿಂತ ಎತ್ತರದ ಕಟ್ಟಡಗಳಿರುವ ಪೇಟೆಯ ಮನೆಗೆ ಅಷ್ಟು ತುರ್ತಿಲ್ಲ. ಹೆಂಚಿನ ಮನೆಗೆ ಮಾಡಿನ ನೆತ್ತಿಯುದ್ದಕ್ಕೂ ಒಂದು ಪಟ್ಟಿ ಓಡಿಸಿ, ಎರಡು ತುದಿಗಳಲ್ಲಿ ಚಿಕ್ಕ ಸಲಾಕೆ ನಿಲ್ಲಿಸಿ, ಕನಿಷ್ಠ ಎರಡು ಕಡೆ ನೆಲಕ್ಕೆ ಇಳಿಸಬೇಕು. ಪಟ್ಟಿ ತಾಮ್ರದ್ದಾಗಲಿ ಜಿಐ ಆಗಲಿ ಅಡ್ಡಕೊಯ್ತದಲ್ಲಿ 50 ಚದರ ಮಿಲಿಮೀಟರ್ ಇರಬೇಕು, ಚೂಪಾದ ತಿರುವು ಇರಬಾರದು. ತಿರುವಿನಲ್ಲಿ ಸಿಡಿಲು ಪಟ್ಟಿ ಬಿಟ್ಟು ಗೋಡೆಗೆ ಹಾರುತ್ತದೆ. ಆರ್‌ಸಿಸಿ ಮನೆಯಲ್ಲಿ ಕಂಬಗಳ ಕಬ್ಬಿಣವೇ ಈ ಕೆಲಸ ಮಾಡಬಲ್ಲದು. ಆದರೆ ಸರಳುಗಳು ತಳದಿಂದ ತಾರಸಿಯವರೆಗೆ ಬಿಡದೆ ಕೂಡಿಕೊಂಡಿರಬೇಕು, ಇದನ್ನು ಕಟ್ಟುವಾಗಲೇ ನೋಡಿಕೊಳ್ಳಬೇಕು. ಇತ್ತೀಚೆಗೆ ತಾರಸಿಯ ಮೇಲೆ ಹೊದಿಸುವ ಲೋಹದ ಶೀಟು ಮತ್ತು ಅದರ ಕಂಬಗಳನ್ನೂ ಅರ್ಥಿಗೆ ಸೇರಿಸದೆ ಬಿಡುವಂತಿಲ್ಲ.

ಒಂದೇ ಸಲಾಕೆ ಸುತ್ತಲಿನ ನೂರು ಮೀಟರ್ ಜಾಗವನ್ನು ಕಾಯುತ್ತದೆ ಎಂದು ಹೇಳಿ ಮಾರುವ ‘ಇಎಸ್‌ಇ’ ಎಂಬ ದುಬಾರಿ ಬಂಧಕಗಳು ಈಗ ಶಾಲೆ, ಅಪಾರ್ಟ್‌ಮೆಂಟುಗಳ ಮೇಲೆಲ್ಲ ಕಾಣುತ್ತಿವೆ. ಇವುಗಳ ಹಿಂದಿರುವುದು ಫ್ರಾನ್ಸಿನ ಒಂದು ಮಾನಕ. ಐಎಸ್/ಐಇಸಿ 62305 ಇಂಥ ಹೆಚ್ಚುವರಿ ವ್ಯಾಪ್ತಿಯನ್ನು ಒಪ್ಪಿಲ್ಲ. ಸಾಮಾನ್ಯ ಸಲಾಕೆಗಳನ್ನೇ ಲೆಕ್ಕ ಹಾಕಿ ಸರಿಯಾದ ಜಾಗದಲ್ಲಿ ನಿಲ್ಲಿಸುವುದೇ ನಂಬಬಹುದಾದ ದಾರಿ. ಮನೆಗಿಂತ ಎತ್ತರದ ತೆಂಗಿನ ಮರ ಸಿಡಿಲನ್ನು ತಾನು ಹಿಡಿದುಕೊಂಡು ಮನೆಯನ್ನು ಉಳಿಸುತ್ತದೆ ಎಂಬ ನಂಬಿಕೆಯೂ ಅಪಾಯಕರವೇ. ಮರ ಒಳ್ಳೆಯ ವಾಹಕವಲ್ಲ. ಗೋಡೆಗೆ ಒರಗಿದಂತೆ ಬೆಳೆದಿದ್ದರೆ ಸಿಡಿಲು ಕಾಂಡವನ್ನು ಅರ್ಧದಲ್ಲೇ ಬಿಟ್ಟು ಮನೆಯ ವೈರಿಂಗಿಗೆ ಹಾರುತ್ತದೆ.

ಸಿಡಿಲಿನ ಹೊತ್ತಿಗೆ ಮನೆಯೊಳಗಿರುವವರಿಗೆ ನಿಯಮಗಳು ಕೆಲವೇ: ಸ್ನಾನ ಬೇಡ, ಕಬ್ಬಿಣದ ಪೈಪಿನ ನಲ್ಲಿ ಮುಟ್ಟುವುದು ಬೇಡ, ತಂತಿಯ ಫೋನ್ ಬೇಡ, ಕಿಟಕಿಯ ಸರಳಿಗೆ ಒರಗಿ ಮಳೆ ನೋಡುವುದೂ ಬೇಡ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದು ಸುಳ್ಳು. ಚಾರ್ಜಿಗೆ ಹಾಕಿಕೊಂಡು ಮಾತಾಡುವುದಷ್ಟೇ ಅಪಾಯ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಕೊಂಡು ಕೂರುವ ಹಳೆಯ ರೂಢಿಯಿಂದ ಒಂದು ಲಾಭವಂತೂ ಇತ್ತು, ಮಕ್ಕಳು ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಆ ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ಒಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಹೊರಬರಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆಪ್, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆಪ್ ಎರಡೂ ಉಚಿತವಾಗಿ ಮುನ್ಸೂಚನೆ ಕೊಡುತ್ತವೆ. ಪ್ಲಗ್ ಕೀಳಲು ಅದರಿಂದ ಸಿಗುವ ಸಮಯ ಸಾಕು.

ಕೊನೆಗೆ ವಿಮೆಯ ಮಾತು. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಸಿಡಿಲಿನಿಂದ ಕಟ್ಟಡಕ್ಕೂ ಸಾಮಾನಿಗೂ ಆಗುವ ಹಾನಿ ಸೇರಿದೆ. ಆದರೆ ಗೃಹ ಮತ್ತು ಬೆಂಕಿ ವಿಮೆಗಳ ಹೊರತುಪಡಿಕೆ ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ: ಅತಿ ವೋಲ್ಟೇಜಿನಿಂದಲೋ ಶಾರ್ಟ್ ಸರ್ಕಿಟ್ಟಿನಿಂದಲೋ ಯಾವ ವಿದ್ಯುತ್ ಉಪಕರಣ ತಾನೇ ಸುಟ್ಟಿತೋ ಆ ಉಪಕರಣಕ್ಕೆ ಪರಿಹಾರವಿಲ್ಲ, ಅದಕ್ಕೆ ಕಾರಣ ಸಿಡಿಲೇ ಆಗಿದ್ದರೂ. ಅದರಿಂದ ಬೆಂಕಿ ಹರಡಿ ಉಳಿದದ್ದು ಸುಟ್ಟರೆ ಆ ನಷ್ಟಕ್ಕೆ ಉಂಟು. ಪಾಲಿಸಿ ಕೊಳ್ಳುವ ಮುನ್ನ ಆ ಸಾಲನ್ನು ಓದಿ, ಉಪಕರಣಗಳಿಗೆ ಬೇರೆ ರಕ್ಷಣೆ ಸೇರಿಸಲು ಬರುತ್ತದೆಯೇ ಎಂದು ಕಂಪನಿಯನ್ನು ಕೇಳಿ ತಿಳಿದುಕೊಳ್ಳಬೇಕು.